ಮನೆಯೊಳಗೆ ಆಡೋಣ, ಕನ್ನಡದಲ್ಲಿ ಆಡೋಣ

ಜೂನ್, ಜುಲೈ ತಿಂಗಳುಗಳಲ್ಲಿ ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸಿ, ನಮ್ಮ ಪೊಳ್ಳಾಚಿಯಲ್ಲಿ ಜಿನುಗು ಮಳೆ ಹಿಡಿದರೆ ಚಿಕ್ಕ ಮಕ್ಕಳು ಮನೆಯೊಳಗೇ ಇರಬೇಕಾಗುತ್ತದೆ. ಮಗ್ಗವಿರುವ ಮನೆಗಳಲ್ಲಿ ಜಾಗವೂ ಕಡಿಮೆ. ಹಟ ಮಾಡುವ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸುವುದೇ ಸುಲಭವೆಂದು ನಮಗೆ ತೋರುತ್ತದೆ. ಆದರೆ ಹಾಗೆ ಕೂತ ಮಗುವಿಗೆ ಎರಡು ನಷ್ಟಗಳುಂಟು: ಒಂದು, ಮೈಯ ಚಲನೆ, ಇನ್ನೊಂದು, ಮನೆಯವರೊಡನೆ ಆಡುವ ಮಾತು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ, 3-4 ವರ್ಷದ ಮಕ್ಕಳು ದಿನಕ್ಕೆ ಕಡಿಮೆಯೆಂದರೂ 180 ನಿಮಿಷ ಓಡಾಡಿಕೊಂಡಿರಬೇಕು. ಅದರಲ್ಲಿ 60 ನಿಮಿಷವಾದರೂ ಉಸಿರು ಬಿರುಸಾಗುವಂಥ ಆಟವಿರಬೇಕು. ಕೂತು ಪರದೆ ನೋಡುವ ಕಾಲ 1 ಗಂಟೆಯನ್ನು ಮೀರಬಾರದು. ಮೂರು ಗಂಟೆಯೆಂದು ಪೋಷಕರು ಗಾಬರಿಯಾಗಬೇಕಿಲ್ಲ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಆಡಿದರೂ ಲೆಕ್ಕಕ್ಕೆ ಸೇರುತ್ತದೆ.

ಮೊದಲನೆಯದು ಕೆರೆ-ದಡ. ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಒಂದು ಬದಿ ಕೆರೆ, ಇನ್ನೊಂದು ಬದಿ ದಡ. "ಕೆರೆ" ಎಂದೊಡನೆ ಮಗು ಕೆರೆಗೆ ನೆಗೆಯಬೇಕು, "ದಡ" ಎಂದೊಡನೆ ದಡಕ್ಕೆ. ದಡದಲ್ಲಿರುವಾಗ ಮತ್ತೆ "ದಡ" ಎಂದರೆ ಕದಲಬಾರದು. ಆಟದ ಸ್ವಾರಸ್ಯವಿರುವುದೇ ಇಲ್ಲಿ. ನೆಗೆಯಲು ಎದ್ದ ಕಾಲನ್ನು ತಡೆದು ನಿಲ್ಲಿಸುವ ಈ ಹಿಡಿತವೇ ಮುಂದೆ ತರಗತಿಯಲ್ಲಿ ಕಿವಿಗೊಟ್ಟು ಕೇಳಲು ನೆರವಾಗುತ್ತದೆ. ಅಜ್ಜಿಯೂ ಕೂತಲ್ಲಿಂದಲೇ ಕೂಗಿ ಆಡಿಸಬಹುದು.

ಎರಡನೆಯದು ಪ್ರಾಣಿಗಳ ನಡಿಗೆ. ಕಪ್ಪೆಯಂತೆ ಕುಪ್ಪಳಿಸು, ಹಾವಿನಂತೆ ತೆವಳು, ಆನೆಮಲೆಯ ಆನೆಯಂತೆ ತೂಗಾಡುತ್ತ ನಡೆ ಎಂದು ಹೇಳುತ್ತಾ ಹೋಗಿ. ಎರಡು ವರ್ಷ ದಾಟಿದ ಮಗುವೂ ಇದರಲ್ಲಿ ಸೇರಬಲ್ಲದು.

ಮೂರನೆಯದು ಕುಂಟೆಬಿಲ್ಲೆ. ನೆರೆಮನೆಯ ತಮಿಳು ಮಕ್ಕಳು ಇದನ್ನು ಪಾಂಡಿ ಎನ್ನುತ್ತಾರೆ. ಒಂಟಿ ಕಾಲಿನ ನೆಗೆತ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಬರುವುದರಿಂದ, ಅದಕ್ಕಿಂತ ಚಿಕ್ಕವರು ಎರಡೂ ಕಾಲಿನಿಂದ ನೆಗೆಯಲಿ. ನೆಲ ಒದ್ದೆಯಾಗಿರಬಾರದು, ಮಗ್ಗದಿಂದಲೂ ಒಲೆಯಿಂದಲೂ ದೂರವಿರಬೇಕು.

ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಕ್ಕಳು ನಮ್ಮ ಮನೆಗಳಲ್ಲಿ ಹಲವರಿದ್ದಾರೆ. ತಮಿಳು ನಾವು ಬಾಳುವ ನಾಡಿನ ನುಡಿ. ಅದು ಬೇಕೇ ಬೇಕು. ಆದರೆ ಮನೆಯ ಮಾತು ಮನೆಯಲ್ಲಿ ಕಿವಿಗೆ ಬೀಳದಿದ್ದರೆ ಮತ್ತೆಲ್ಲಿ ಬಿದ್ದೀತು? ನೆಗೆ, ತೆವಳು, ಕುಪ್ಪಳಿಸು ಎಂಬ ಮಾತುಗಳನ್ನು ಪುಸ್ತಕದಿಂದ ಕಲಿತ ಮಗು ಮರೆಯಬಹುದು. ನೆಗೆದು, ತೆವಳಿ, ಕುಪ್ಪಳಿಸಿ ಕಲಿತ ಮಗು ಸುಲಭವಾಗಿ ಮರೆಯದು.

ವಿದ್ಯಾರ್ಥಿಗಳೇ, ಸಂಜೆ ಶಾಲೆಯಿಂದ ಹೋದೊಡನೆ ತಮ್ಮ ತಂಗಿಯರೊಡನೆ ಹತ್ತು ನಿಮಿಷ ಆಡಿರಿ. ಖರ್ಚು ಒಂದು ತುಂಡು ಸೀಮೆಸುಣ್ಣ ಮಾತ್ರ.