ಉಪ್ಪು ಕರಗಿ ಹಗುರಾದ ಅಂಗುಳು

ದಂತ ಕಾಲೇಜಿನ ಲ್ಯಾಬು. ಗಾಳಿಯಲ್ಲಿ ಪ್ಲಾಸ್ಟರಿನ ಧೂಳು, ಅಕ್ರಿಲಿಕ್ ದ್ರವದ ಘಾಟು. ಟೆಕ್ನೀಷಿಯನ್ ಮುಂದೆ ಹಿತ್ತಾಳೆಯ ಫ್ಲಾಸ್ಕ್ ಬಾಯಿ ತೆರೆದುಕೊಂಡಿದೆ. ಅಚ್ಚಿನ ಗುಳಿಯೊಳಗೆ ಗುಲಾಬಿ ಬಣ್ಣದ ಅಕ್ರಿಲಿಕ್ ಕಣಕವನ್ನು ತೆಳ್ಳಗೆ ಒತ್ತಿ, ನಡುವೆ ಉಪ್ಪು ತುಂಬುತ್ತಿದ್ದಾರೆ. ನಾವು ಸಾರಿಗೆ ಹಾಕುವ ಉಪ್ಪೇ ಅದು. ಮೇಲೆ ಮತ್ತೊಂದು ಪದರ ಕಣಕ ಮುಚ್ಚಿ, ಪ್ರೆಸ್ಸಿನಲ್ಲಿ ಬಿಗಿದು, ಬಿಸಿನೀರಿನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಗಟ್ಟಿಯಾದ ಮೇಲೆ ಸಣ್ಣ ತೂತು ಕೊರೆದು ಸಿರಿಂಜಿನಿಂದ ಬಿಸಿನೀರು ಹಾಯಿಸಿದರೆ ಉಪ್ಪೆಲ್ಲ ಕರಗಿ ಹೊರಗೆ. ತೂತು ಮುಚ್ಚಿದ ಮೇಲೆ ಒಳಗುಳಿಯುವುದು ಗಾಳಿ ಮಾತ್ರ. ಆ ಟೊಳ್ಳು ತುಂಡನ್ನು ನೀರಿನಲ್ಲಿ ಅದುಮಿ ಹಿಡಿಯುತ್ತಾರೆ. ಗುಳ್ಳೆ ಎದ್ದರೆ ಮತ್ತೆ ಮುಚ್ಚಬೇಕು. ಸೋರುವ ಟೊಳ್ಳಿನಲ್ಲಿ ಜೊಲ್ಲು ಸೇರಿ ನಾರುತ್ತದೆ.

ಇದರ ಹೆಸರು ಆಬ್ಟ್ಯುರೇಟರ್. ಕ್ಯಾನ್ಸರಿನಿಂದಲೋ, 2021ರ ಕೋವಿಡ್ ಅಲೆಯ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರದಿಂದಲೋ ಮೇಲ್ದವಡೆ ಕಳೆದುಕೊಂಡವರಿಗೆ ಇದೇ ಅಂಗುಳು. ಇದಿಲ್ಲದಿದ್ದರೆ ಕುಡಿದ ನೀರು ಮೂಗಿನಲ್ಲಿ ಇಳಿಯುತ್ತದೆ. ಉಸಿರು ಮೂಗಿಗೆ ಸೋರಿ, ‘ಅಪ್ಪ’ ಎಂದದ್ದು ‘ಅಮ್ಮ’ ಎಂದು ಕೇಳಿಸುತ್ತದೆ. ನಾಲ್ಕು ಜನರ ಜೊತೆ ಎಲೆ ಮುಂದೆ ಕೂರಲು ಎಷ್ಟೋ ಮಂದಿ ಹಿಂಜರಿಯುತ್ತಾರೆ.

ಇದನ್ನು ಹಗುರ ಮಾಡುವುದು ಬರೀ ಸುಖಕ್ಕಲ್ಲ. ಮೂಳೆ ಹೋದ ಕಡೆ ಅದಕ್ಕೆ ಆಸರೆಯೇ ಇಲ್ಲ. ಉಳಿದ ಹಲ್ಲುಗಳಿಗೆ ತಂತಿಯ ಕೊಕ್ಕೆ ಹಾಕಿ ತೂಗುಬಿಡಬೇಕು. ಒಳಗೂ ಗಟ್ಟಿಯಾದರೆ ಆ ಭಾರ ದಿನವಿಡೀ ಹಲ್ಲುಗಳನ್ನು ಜಗ್ಗಿ ಸಡಿಲಿಸುತ್ತದೆ. ಹಲ್ಲೇ ಇಲ್ಲದವರಲ್ಲಿ ಕೆಳಗೆ ಜಾರುತ್ತದೆ.

ಪಕ್ಕದ ಕೋಣೆಯಲ್ಲಿ ಇನ್ನೊಬ್ಬರ ಅಳತೆ ನಡೆದಿದೆ. ಅಚ್ಚಿನ ಪೇಸ್ಟು ಮೂಗಿನ ಸಂದಿಗೆ ಸಿಕ್ಕಿಕೊಳ್ಳದಂತೆ ವ್ಯಾಸಲೀನ್ ಸವರಿದ ಗಾಜ್ ಬಟ್ಟೆ ತುರುಕಿದ್ದಾರೆ. ಅದಕ್ಕೆ ಕಟ್ಟಿದ ದಾರದ ತುದಿ ತುಟಿಯ ಹೊರಗೆ ಇಳಿಬಿದ್ದಿದೆ. ತುಂಡು ಒಳಗೇ ಉಳಿಯಬಾರದಲ್ಲ!

ಹೊಸ ಅಂಗುಳು ಕೂರಿಸಿಕೊಂಡ ಹಿರಿಯರಿಗೆ ಡಾಕ್ಟರಮ್ಮ ಲೋಟ ಕೊಟ್ಟರು.

“ಯಜಮಾನ್ರೇ, ನಿಧಾನಕ್ಕೆ ಒಂದು ಗುಟುಕು.”

ನೀರು ಗಂಟಲಿಗಿಳಿಯಿತು. ಮೂಗು ಒಣಗಿಯೇ ಇತ್ತು.

“ಈಗ ‘ಅಪ್ಪ’ ಅನ್ನಿ.”

“ಅಪ್ಪ,” ಎಂದರು, ಹೇಳದಿದ್ದರೂ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, “ಅಪ್ಪ.”

ಇವರು ಇಲ್ಲಿಗೆ ಬಂದದ್ದು ಆಪರೇಷನ್ ಆಗಿ ತಿಂಗಳುಗಳ ಮೇಲೆ. ದವಡೆ ತೆಗೆಯುವ ಮೊದಲೇ ಅಳತೆ ಕೊಟ್ಟಿದ್ದರೆ ತಾತ್ಕಾಲಿಕ ಪ್ಲೇಟೊಂದನ್ನು ಆಪರೇಷನ್ ಟೇಬಲ್ಲಿನ ಮೇಲೆಯೇ ಕೂರಿಸಬಹುದಿತ್ತು. ಶಸ್ತ್ರವೈದ್ಯರು ದಿನಾಂಕ ಬರೆಯುವಾಗಲೇ ರೋಗಿಯನ್ನು ದಂತ ಕಾಲೇಜಿನ, ಅಂಗುಳು ಮಾಡುವ ಈ ವಿಭಾಗಕ್ಕೆ ಕಳಿಸಬೇಕು. ಕಳಿಸದಿದ್ದರೆ ಮನೆಯವರೇ ಕೇಳಬೇಕು.