ಒಂದೇ ಕೂಡಿಕೆ, ಎರಡು ಟೈಪ್

ಹ್ಯಾಸ್ಕೆಲ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು ಯಾವುದು ಪೂರ್ಣಾಂಕ, ಯಾವುದು ದಶಮಾಂಶ, ಯಾವುದು ಪಠ್ಯ ಎಂದು ಹೇಳಲೇಬೇಕಾಗಿಲ್ಲ. ಕಂಪೈಲರ್ ಕೋಡನ್ನು ಓದಿ ಪ್ರತಿಯೊಂದರ ಟೈಪನ್ನೂ ತಾನೇ ಕಂಡುಹಿಡಿಯುತ್ತದೆ. ಈ ವಿಧಾನದ ಬುನಾದಿಯನ್ನು ರೋಜರ್ ಹಿಂಡ್ಲಿ 1969ರಲ್ಲಿ, ರಾಬಿನ್ ಮಿಲ್ನರ್ 1978ರಲ್ಲಿ ಬೇರೆ ಬೇರೆಯಾಗಿ ಹಾಕಿದರು. ಸಾಧ್ಯವಿರುವ ಟೈಪುಗಳಲ್ಲಿ ಅತ್ಯಂತ ವ್ಯಾಪಕವಾದುದನ್ನೇ ಕೊಡುವುದು ಅದರ ದೊಡ್ಡ ಗುಣ. ಆದರೆ ಒಂದು ಕಡೆ ಹ್ಯಾಸ್ಕೆಲ್ ಬೇಕೆಂದೇ ಈ ಗುಣವನ್ನು ಬಿಟ್ಟುಕೊಡುತ್ತದೆ.

ಫೈಲಿನಲ್ಲಿ ‘ಕೂಡು ಕ ಖ = ಕ + ಖ’ ಎಂದು ಬರೆದರೆ ಆ ಫಂಕ್ಷನ್ ಎಲ್ಲ ಬಗೆಯ ಸಂಖ್ಯೆಗಳಿಗೂ ಒಗ್ಗುತ್ತದೆ. ಅದನ್ನೇ ಚುಟುಕಾಗಿ ‘ಕೂಡು = (+)’ ಎಂದು ಬರೆದು, ಆ ಫೈಲಿನಲ್ಲಿ ಬೇರೆಲ್ಲೂ ಬಳಸದಿದ್ದರೆ, ಪೂರ್ಣಾಂಕಗಳಿಗಷ್ಟೇ ಸೀಮಿತವಾಗುತ್ತದೆ; ಫೈಲಿನ ಹೊರಗಿನಿಂದ ಅದಕ್ಕೆ 1.5 ಕೊಟ್ಟರೆ ಕಂಪೈಲರ್ ತಪ್ಪು ತೋರಿಸುತ್ತದೆ. ಗಣಿತದ ದೃಷ್ಟಿಯಲ್ಲಿ ಎರಡೂ ಒಂದೇ. ಇನ್ನೂ ಗಲಿಬಿಲಿಯ ಸಂಗತಿ ಎಂದರೆ, ಅದೇ ಫೈಲಿನಲ್ಲಿ ಎಲ್ಲೋ ಕೆಳಗೆ ‘ಕೂಡು 1.5 2.5’ ಎಂದಿದ್ದರೆ ಚುಟುಕು ರೂಪ ದಶಮಾಂಶದ್ದಾಗುತ್ತದೆ. ಆಮೇಲೆ ಯಾರಾದರೂ ಅದನ್ನು ಪೂರ್ಣಾಂಕವೆಂದೇ ಘೋಷಿಸಿದ ಮೌಲ್ಯಕ್ಕೆ ಬಳಸಿದರೆ ತಪ್ಪು ಆ ಹೊಸ ಸಾಲಿನಲ್ಲಿ ಕಾಣಿಸಿಕೊಳ್ಳಬಹುದು, ಕಾರಣ ಮಾತ್ರ ನೂರು ಸಾಲು ಮೇಲಿರುತ್ತದೆ.

ಇದಕ್ಕೆ ‘ಮಾನೋಮಾರ್ಫಿಸಂ ರಿಸ್ಟ್ರಿಕ್ಷನ್’ ಎಂದು ಹೆಸರು. ಸಮ ಚಿಹ್ನೆಯ ಎಡಕ್ಕೆ ಬರೀ ಹೆಸರಿದ್ದು, ಟೈಪ್ ಘೋಷಣೆ ಇಲ್ಲದಿದ್ದರೆ, ‘ಯಾವುದೇ ಸಂಖ್ಯೆ’ ಎಂಬಂಥ ಷರತ್ತಿನ ಟೈಪನ್ನು ವ್ಯಾಪಕವಾಗಿ ಉಳಿಸುವಂತಿಲ್ಲ. ಇಡೀ ಫೈಲಿನ ಬಳಕೆ ನೋಡಿ ಒಂದೇ ಟೈಪ್ ನಿರ್ಧಾರವಾಗುತ್ತದೆ. ಬಳಕೆಯಿಂದ ತಿಳಿಯದಿದ್ದರೆ ಸಂಖ್ಯೆಗಳಿಗೆ ಮೊದಲು ಪೂರ್ಣಾಂಕ, ಅದು ಹೊಂದದಿದ್ದರೆ ದಶಮಾಂಶ.

ನಿಯಮದ ಹಿಂದೆ ಗಟ್ಟಿ ಕಾರಣವಿದೆ. ಷರತ್ತಿನ ಟೈಪಿರುವ ಮೌಲ್ಯ ಒಳಗೊಳಗೇ ಫಂಕ್ಷನ್ ಆಗಿರುತ್ತದೆ: ಯಾವ ಬಗೆಯ ಸಂಖ್ಯೆ ಎಂದು ತಿಳಿದ ಮೇಲಷ್ಟೇ ಅದರ ಲೆಕ್ಕ ಶುರು. ಉದ್ದನೆಯ ಪಟ್ಟಿಯೊಂದರ ಅಂಶಗಳನ್ನು ಎಣಿಸಿ ‘ಎಣಿಕೆ’ ಎಂದು ಹೆಸರಿಟ್ಟು ಎರಡು ಕಡೆ ಬಳಸಿದರೆ, ಎಣಿಸುವ ಕೆಲಸ ಒಮ್ಮೆ ನಡೆಯುತ್ತದೆಂದೇ ಬರೆದವರ ನಂಬಿಕೆ. ಟೈಪ್ ವ್ಯಾಪಕವಾಗಿ ಉಳಿದರೆ ಅದು ಎರಡು ಸಲ ನಡೆಯಬಹುದು. ಆ ಗುಪ್ತ ಖರ್ಚನ್ನು ತಡೆಯುವುದೇ ಉದ್ದೇಶ. ಆದರೂ ಕಲಿಯುವವರಿಗೆ ಇದು ದುಬಾರಿಯೇ. ಮೊದಲ ಪಾಠಗಳಲ್ಲೇ ಹೇಳಬೇಕಾದ ವಿಷಯ.

ಹ್ಯಾಸ್ಕೆಲ್ 2010ರ ವ್ಯಾಖ್ಯೆಯೂ ಈ ನಿಯಮವನ್ನು ಉಳಿಸಿಕೊಂಡಿತು. ಜಿಎಚ್‌ಸಿ ಕಂಪೈಲರಿನಲ್ಲಿ ಬೇಕಾದವರು ಇದನ್ನು ತೆಗೆದುಹಾಕಬಹುದು. ಅದರ ಸಂವಾದ ರೂಪವಾದ ಜಿಎಚ್‌ಸಿಐನಲ್ಲಿ ನೇರವಾಗಿ ಟೈಪಿಸಿದ ಸಾಲುಗಳಿಗೆ 7.8ನೇ ಆವೃತ್ತಿಯಿಂದ ಇದು ಅನ್ವಯಿಸುವುದಿಲ್ಲ. ಅಲ್ಲಿ ಓಡಿದ ಸಾಲು ಫೈಲಿಗೆ ಹೋದಾಗ ಕೈಕೊಡುವುದು ಹೀಗೆ. ‘ಕೂಡು’ವಿನ ಮೇಲೆ ಅದರ ಟೈಪನ್ನು ಒಂದು ಸಾಲಿನಲ್ಲಿ ಘೋಷಿಸಿದರೆ ಚುಟುಕು ರೂಪವೂ ಎಲ್ಲ ಸಂಖ್ಯೆಗಳಿಗೆ ಸಲ್ಲುತ್ತದೆ.