ಜಾಣ ಕೋಡ್‌ಗಿಂತ ಸರಳ ಕೋಡ್ ಲೇಸು

2012ರ ಆಗಸ್ಟ್ 1ರ ಬೆಳಗ್ಗೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯ ಗಣಕಯಂತ್ರಗಳು ಸುಮಾರು 45 ನಿಮಿಷಗಳ ಕಾಲ ಯಾರಿಗೂ ಬೇಡದ ಷೇರುಗಳನ್ನು ಕೊಳ್ಳುತ್ತ, ಮಾರುತ್ತ ಹೋದವು. ಗ್ರಾಹಕರ 212 ಬೇಡಿಕೆಗಳನ್ನು ಪೂರೈಸಬೇಕಿದ್ದ ವ್ಯವಸ್ಥೆ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆಸಿಬಿಟ್ಟಿತ್ತು. ಸಂಸ್ಥೆಗಾದ ನಷ್ಟ 46 ಕೋಟಿ ಡಾಲರ್‌ಗೂ ಅಧಿಕ. ಮರುವರ್ಷ ಅದು ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡಿತು.

ಇದು ಹೊರಗಿನವರ ದಾಳಿಯಲ್ಲ. 2003ರಲ್ಲೇ ಬಳಕೆ ತಪ್ಪಿದ್ದ ಕೋಡ್‌ನ ಭಾಗವೊಂದು ಅಳಿಸದೆ ಹಾಗೆಯೇ ಉಳಿದಿತ್ತು. ಅದನ್ನು ಚಾಲನೆಗೊಳಿಸುತ್ತಿದ್ದ ಗುರುತನ್ನೇ 2012ರಲ್ಲಿ ಹೊಸ ಸೌಲಭ್ಯವೊಂದಕ್ಕೆ ಮರುಬಳಕೆ ಮಾಡಲಾಯಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಅಳವಡಿಸುವುದು ತಪ್ಪಿಹೋಯಿತು. ಆ ಸರ್ವರ್‌ಗೆ ಗುರುತಿನ ಹಳೆಯ ಅರ್ಥ ಮಾತ್ರ ಗೊತ್ತಿತ್ತು. ಗೊಂದಲಕ್ಕೆ ಸಿಲುಕಿದ ಸಿಬ್ಬಂದಿ ಉಳಿದ ಏಳರಿಂದಲೂ ಹೊಸ ಕೋಡನ್ನು ತೆಗೆದಾಗ ಅನಾಹುತ ಮತ್ತಷ್ಟು ಹಬ್ಬಿತು. ಒಂದೇ ಗುರುತಿಗೆ ಎರಡು ಅರ್ಥ ಕೊಟ್ಟು ಮಾಡಿದ ಅಲ್ಪ ಉಳಿತಾಯಕ್ಕೆ ತೆತ್ತ ಬೆಲೆಯಲ್ಲಿ ಇದರ ಪಾಲೂ ದೊಡ್ಡದು.

ಎರಡು ಲೋಟಗಳ ಲೆಕ್ಕ

ಜಾಣ ಕೋಡ್ ಎಂದರೇನು? ಒಂದು ಲೋಟದಲ್ಲಿ ಹಾಲು, ಇನ್ನೊಂದರಲ್ಲಿ ಮಜ್ಜಿಗೆ ಇದೆ ಎಂದುಕೊಳ್ಳಿ. ಅದಲು ಬದಲು ಮಾಡಲು ಮೂರನೆಯ ಲೋಟ ಬೇಕು. ಗಣಕದಲ್ಲಿ ಎರಡು ಸಂಖ್ಯೆಗಳನ್ನು ಅದಲು ಬದಲು ಮಾಡುವ ನೇರ ಕ್ರಮವೂ ಇದೇ.

ಆದರೆ ಮೂರನೆಯ ಸ್ಥಾನವಿಲ್ಲದೆಯೂ ಇದು ಸಾಧ್ಯ. 5 ಮತ್ತು 3 ಇದ್ದರೆ, ಮೊದಲ ಸ್ಥಾನದಲ್ಲಿ ಮೊತ್ತವಾದ 8ನ್ನು ಇಡುವುದು. ಅದರಿಂದ 3 ಕಳೆದು ಬಂದ 5ನ್ನು ಎರಡನೆಯ ಸ್ಥಾನಕ್ಕೆ ಹಾಕುವುದು. ಪುನಃ 8ರಿಂದ 5 ಕಳೆದು ಬಂದ 3ನ್ನು ಮೊದಲ ಸ್ಥಾನಕ್ಕೆ ತರುವುದು. ನೋಡಲು ಚಮತ್ಕಾರವೇ ಸರಿ. ಆದರೆ ಎರಡೂ ಹೆಸರುಗಳು ಆಕಸ್ಮಿಕವಾಗಿ ಒಂದೇ ಸ್ಥಾನವನ್ನು ಸೂಚಿಸಿದರೆ? ಅಲ್ಲಿದ್ದ 5 ಮೊದಲು 10 ಆಗುತ್ತದೆ, ಬಳಿಕ ತನ್ನಿಂದ ತಾನೇ ಕಳೆದುಕೊಂಡು ಸೊನ್ನೆಯಾಗುತ್ತದೆ. ಮಾಹಿತಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ನೇರ ಕ್ರಮದಲ್ಲಿ ಈ ಅಪಾಯವಿಲ್ಲ. ಇಂದಿನ ಕಂಪೈಲರ್‌ಗಳು ಮೂರನೆಯ ಸ್ಥಾನದ ಹೊರೆಯನ್ನು ಸಾಮಾನ್ಯವಾಗಿ ತಾವೇ ನಿವಾರಿಸುವುದರಿಂದ ಚಮತ್ಕಾರದಿಂದ ಲಾಭವೂ ಇಲ್ಲ.

ಓದುವವರು ಬೇರೆಯವರು

ಕೋಡ್ ಅದನ್ನು ಬರೆದವರ ಬಳಿಯೇ ಉಳಿಯುವುದಿಲ್ಲ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದವರು, ಆ ಪ್ರೋಗ್ರಾಂಗಳು 2000ನೇ ಇಸವಿಯವರೆಗೂ ಬಾಳುತ್ತವೆಂದು ಎಣಿಸಿರಲಿಲ್ಲ. ಅವು ಬಾಳಿದವು. 1990ರ ದಶಕದ ಕೊನೆಯಲ್ಲಿ ಅವುಗಳನ್ನು ಸಾಲುಸಾಲಾಗಿ ಓದಿ ತಿದ್ದಿದವರಲ್ಲಿ ಬೆಂಗಳೂರಿನ ಇಂಜಿನಿಯರುಗಳೂ ಇದ್ದರು. ಎಂದೂ ಕಾಣದ ವ್ಯಕ್ತಿ ಬರೆದುದನ್ನು, ಅವನನ್ನು ಕೇಳುವ ಅವಕಾಶವಿಲ್ಲದೆ ಅರ್ಥೈಸಿಕೊಳ್ಳುವುದು ಅವರ ಕೆಲಸವಾಗಿತ್ತು. ಹಳೆಯ ತಂತ್ರಾಂಶದ ನಿರ್ವಹಣೆಯಲ್ಲಿ ತೊಡಗಿರುವವರಿಗೆ ಇಂದಿಗೂ ಇದು ನಿತ್ಯದ ಪಾಡು.

ಪಾಲಿಸಬೇಕಾದ ನಿಯಮಗಳು ಸರಳ. ಹೆಸರುಗಳು ಅರ್ಥ ಹೇಳುವಂತಿರಬೇಕು: 'ಕ' ಎನ್ನುವ ಬದಲು 'ಬಾಕಿ ಮೊತ್ತ' ಎಂದರೆ ಓದುವವರಿಗೆ ಊಹಿಸುವ ಕಷ್ಟವಿಲ್ಲ. ಒಂದು ಭಾಗ ಒಂದೇ ಕೆಲಸ ಮಾಡಬೇಕು. ಬಳಕೆ ತಪ್ಪಿದ್ದನ್ನು ಅಳಿಸಬೇಕು. ಏನು ಮಾಡಲಾಗಿದೆ ಎಂಬುದನ್ನು ಕೋಡ್ ತಾನೇ ಹೇಳುವಂತಿದ್ದರೆ, ಏಕೆ ಮಾಡಲಾಗಿದೆ ಎಂಬುದನ್ನಷ್ಟೇ ಟಿಪ್ಪಣಿಯಲ್ಲಿ ಬರೆದರೆ ಸಾಕು. ಇನ್ನೊಬ್ಬರು ಓದಿ ಒಪ್ಪಿದ ಬಳಿಕವೇ ಅದು ಬಳಕೆಗೆ ಹೋಗಬೇಕು.

ಚಾತುರ್ಯಕ್ಕೆ ಸ್ಥಾನವೇ ಇಲ್ಲವೆಂದಲ್ಲ. ವೇಗ ನಿಜಕ್ಕೂ ಅಗತ್ಯವಾದ ಕಡೆ, ಅಳೆದು ನೋಡಿ, ಆ ಭಾಗವನ್ನು ಪ್ರತ್ಯೇಕವಾಗಿರಿಸಿ, ಕಾರಣ ಬರೆದಿಟ್ಟು ಬಳಸಬಹುದು. ಆದರೆ ಬ್ಯಾಂಕ್, ಆಸ್ಪತ್ರೆ, ರೈಲು ಟಿಕೆಟ್‌ಗಳೆಲ್ಲ ತಂತ್ರಾಂಶವನ್ನೇ ನೆಚ್ಚಿರುವಾಗ, ನಡುರಾತ್ರಿ ದೋಷ ಕಾಣಿಸಿಕೊಂಡರೆ ಅದನ್ನು ಸರಿಪಡಿಸಲು ಕೂರುವವರು ಬಹುಪಾಲು ಆ ಕೋಡನ್ನು ಬರೆದವರಾಗಿರುವುದಿಲ್ಲ. ಅವರಿಗೆ ಅರ್ಥವಾಗುವಂತೆ ಬರೆಯುವುದು ವೃತ್ತಿಯ ಹೊಣೆಗಾರಿಕೆಯೇ ಆಗಿದೆ.